ಪ್ರತಿ ಗುರುವಾರ ಸಂಜೆ

ಭದ್ರಾವತಿ ಆಕಾಶವಾಣಿಯ ಬೆಳಗಿನ ಪ್ರಸಾರಕ್ಕೆ ಮುಂಚೆ ಬರುವ ಆ ದನಿ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ತಂಬೂರಿಯ ಶ್ರುತಿ, ಅದರ ಮೇಲೆ ತೇಲಿಬರುವ ಪಿಟೀಲು. 1965ರಲ್ಲಿ ನಿಲಯ ಶುರುವಾದಂದಿನಿಂದ ಮಲೆನಾಡಿನ ಅದೆಷ್ಟೋ ಮನೆಗಳಲ್ಲಿ ಬಚ್ಚಲೊಲೆಗೆ ಬೆಂಕಿ ಬೀಳುತ್ತಿದ್ದುದು ಆ ದನಿಗೆ. ನ್ಯೂಟೌನಿನ ಕ್ವಾರ್ಟರ್ಸುಗಳಲ್ಲಿ ರಾತ್ರಿ ಪಾಳಿಯವರ ಮನೆಯ ಹೆಂಗಸರು ಕಾಫಿಗೆ ನೀರಿಡುತ್ತಿದ್ದುದೂ ಅದೇ ಹೊತ್ತಿಗೆ. ಅದನ್ನು ಯಾರೋ ಕೂತು ಕಟ್ಟಿದ್ದಾರೆ ಎಂದು ಚಿಕ್ಕಂದಿನಲ್ಲಿ ನನಗೆ ಹೊಳೆದಿರಲಿಲ್ಲ. ಕೋಳಿ ಕೂಗಿದ ಹಾಗೆ, ಬೆಳಕು ಹರಿದ ಹಾಗೆ, ಅದೂ ತಾನಾಗಿ ಬರುತ್ತದೆ ಅಂದುಕೊಂಡಿದ್ದೆ.

ಅದನ್ನು ರಚಿಸಿದವರ ಹೆಸರು ವಾಲ್ಟರ್ ಕೌಫ್‌ಮನ್. ಹಿಟ್ಲರನ ನೆರಳು ಯುರೋಪಿನ ಮೇಲೆ ಕವಿಯುತ್ತಿದ್ದಾಗ, 1934ರಲ್ಲಿ ಮುಂಬೈಗೆ ಬಂದಿಳಿದ ಯಹೂದಿ ಸಂಗೀತಗಾರ. ಊರು ಹೊಸದು, ಭಾಷೆ ಹೊಸದು, ಇಲ್ಲಿನ ಸಂಗೀತ ಕಿವಿಗೇ ಹತ್ತದು. ಬಂದ ಕೆಲವೇ ತಿಂಗಳಲ್ಲಿ ಅವರು ಮಾಡಿದ ಕೆಲಸ ಏನು ಗೊತ್ತೇ? ನಾಲ್ಕಾರು ಜನ ವಾದ್ಯಗಾರರನ್ನು ಕೂಡಿಸಿ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಎಂಬ ಕೂಟ ಕಟ್ಟಿದರು. ಪಿಟೀಲಿಗೆ ಮೆಹ್ಲಿ ಮೆಹ್ತಾ ಇದ್ದರು, ಮುಂದೆ ಜಗತ್ಪ್ರಸಿದ್ಧರಾದ ಜುಬಿನ್ ಮೆಹ್ತಾ ಅವರ ತಂದೆ. ವಿಲಿಂಗ್ಡನ್ ಜಿಮ್ಖಾನಾದಲ್ಲಿ ಪ್ರತಿ ಗುರುವಾರ ಅವರ ಕಛೇರಿ. ಕೇಳುಗರು ಎಷ್ಟೇ ಬರಲಿ, ಮತ್ತೆ ಮುಂದಿನ ಗುರುವಾರ. ನಮ್ಮ ಬೆಳಗನ್ನು ತೆರೆಯುತ್ತ ಬಂದಿರುವ ರಾಗದ ಹಿಂದೆ ಇಂಥ ಒಂದು ಹಟವಿದೆ.

ಚೇಂಬರ್ ಮ್ಯೂಸಿಕ್ ಎಂದರೆ ಕೋಣೆಯ ಸಂಗೀತ. ಮೂವರೋ ನಾಲ್ವರೋ ಐವರೋ ಒಂದು ಕೋಣೆಯಲ್ಲಿ ಕೂತು, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿ ನುಡಿಸುವುದು. ಅಷ್ಟೇ ಹತ್ತಿರದಲ್ಲಿ ಕೇಳುಗರು ಕೂರುವುದು. ನಮ್ಮ ಕರ್ನಾಟಕ ಸಂಗೀತದ ಕಛೇರಿಯೂ ಮೂಲದಲ್ಲಿ ಇಂಥದ್ದೇ. ಮನೆಯ ನಡುಮನೆಯಲ್ಲಿ, ದೇವಸ್ಥಾನದ ಪ್ರಾಕಾರದಲ್ಲಿ, ರಾಮಮಂದಿರದ ಜಗಲಿಯಲ್ಲಿ ಬೆಳೆದದ್ದು ಅದು. ಮೈಕು ಬಂದದ್ದು ಆಮೇಲೆ. ಮೈಕಿಲ್ಲದ ಕಾಲದಲ್ಲಿ ಜನ ಹೆಚ್ಚಾಗಿ ಹಿಂದೆ ಕೂತವರಿಗೆ ಪಿಟೀಲು ಕೇಳದಾದಾಗ, ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ, ಶಿವಮೊಗ್ಗ–ಭದ್ರಾವತಿಯ ಹುಡುಗ ಹುಡುಗಿಯರೇ.

ಸಂಜೆ ಶಿವಮೊಗ್ಗದ ಬಡಾವಣೆಗಳಲ್ಲಿ ನಡೆದುಹೋದರೆ ಯಾವುದಾದರೊಂದು ಮನೆಯಿಂದ ಸರಳೆ ವರಸೆ ಕೇಳಿಸುತ್ತದೆ. ಪೇಪರ್ ಟೌನಿನಲ್ಲೂ ಕೇಳಿಸುತ್ತದೆ. ಜೂನಿಯರ್ ಮುಗಿಸಿದವರಿದ್ದೀರಿ, ಸೀನಿಯರ್ ಮುಗಿಸಿದವರಿದ್ದೀರಿ, ವಿದ್ವತ್ತಿಗೆ ಕಟ್ಟಿದವರೂ ಇದ್ದೀರಿ. ಆದರೆ ಪರೀಕ್ಷೆ ಮುಗಿದ ಮೇಲೆ ಏನು? ಹಾಡುವವಳು ಒಬ್ಬಳೇ ತಂಬೂರಿ ಆ್ಯಪ್ ಹಾಕಿಕೊಂಡು ಕೋಣೆಯಲ್ಲಿ ಹಾಡುತ್ತಾಳೆ. ಎರಡು ಬೀದಿ ಆಚೆ ಮೃದಂಗದ ಹುಡುಗ ಒಬ್ಬನೇ ಪಾಠಾಕ್ಷರ ಸಾಧಿಸುತ್ತಾನೆ. ಅವಳಿಗೆ ಇವನು ಗೊತ್ತಿಲ್ಲ. ಇಬ್ಬರೂ ಬೆಂಗಳೂರಿನಿಂದ ಕರೆ ಬರುತ್ತದೆಂದು ಕಾಯುತ್ತಾರೆ. ಬರುವ ಕರೆ ಕೆಲಸದ ಸಂದರ್ಶನದ್ದಾಗಿರುತ್ತದೆ.

ಕಛೇರಿ ಸಿಕ್ಕಿದರೂ ನಮ್ಮ ಪದ್ಧತಿ ಏನು? ಹಾಡುವವರನ್ನು ಗೊತ್ತು ಮಾಡುತ್ತಾರೆ, ಆಮೇಲೆ ಪಕ್ಕವಾದ್ಯಕ್ಕೆ ಫೋನು ಹೋಗುತ್ತದೆ. ಪಿಟೀಲಿನವರು, ಮೃದಂಗದವರು ವೇದಿಕೆಯ ಮೇಲೆಯೇ ಮೊದಲ ಸಲ ಮುಖ ನೋಡುತ್ತಾರೆ. ಮನೋಧರ್ಮದ ಸಂಗೀತಕ್ಕೆ ಈ ಅಪರಿಚಯದಲ್ಲೂ ಒಂದು ಮಿಂಚು ಹುಟ್ಟುತ್ತದೆ, ಒಪ್ಪುತ್ತೇನೆ. ದೊಡ್ಡ ವಿದ್ವಾಂಸರಿಗೆ ಅದು ಸಾಧ್ಯ. ಇಪ್ಪತ್ತು ವರ್ಷದ ನಿಮಗೆ ಅದು ಸಾಲದು. ನಿಮಗೆ ಬೇಕಾದದ್ದು ನಿಮ್ಮದೇ ಒಂದು ಕೂಟ. ಅದೇ ನಾಲ್ವರು, ಅದೇ ಕೋಣೆ, ವಾರ ವಾರ, ವರ್ಷ ವರ್ಷ.

ಇದು ಹೊರಗಿನ ಮಾತು ಎನ್ನಬೇಡಿ. ಶಿವಮೊಗ್ಗದಿಂದ ಕೂಗಳತೆಯಲ್ಲಿ, ತುಂಗೆಯ ಎರಡು ದಡಗಳಲ್ಲಿ ಮತ್ತೂರು, ಹೊಸಹಳ್ಳಿ ಇವೆ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರು ಗಮಕಿ, ಮತ್ತೂರಿನ ಮಾರ್ಕಂಡೇಯ ಅವಧಾನಿಯವರು ವ್ಯಾಖ್ಯಾನಕಾರರು. ಒಬ್ಬರು ವಾಚನ, ಇನ್ನೊಬ್ಬರು ವಿವರಣೆ. ತಾಳವಾದ್ಯವಿಲ್ಲ, ಬೆಳಕಿನ ಅಲಂಕಾರವಿಲ್ಲ. ದಶಕಗಟ್ಟಲೆ ಆ ಜೋಡಿ ಕುಮಾರವ್ಯಾಸನನ್ನು ಹೊತ್ತುಕೊಂಡು ನಾಡು ಸುತ್ತಿತು. ಪದ್ಯ ಎಲ್ಲಿ ನಿಲ್ಲಿಸಿದರೆ ವ್ಯಾಖ್ಯಾನಕ್ಕೆ ಎಡೆ, ವ್ಯಾಖ್ಯಾನ ಯಾವ ಮಾತಿಗೆ ಬಂದರೆ ಮುಂದಿನ ಪದ್ಯ ಏಳಬೇಕು, ರಾಗ ಎಲ್ಲಿ ಬದಲಾಗಬೇಕು: ಇವು ಕಾಗದದಲ್ಲಿ ಬರೆದಿಟ್ಟುಕೊಳ್ಳುವ ಸಂಗತಿಗಳಲ್ಲ, ಎಷ್ಟೋ ರಾತ್ರಿ ಅಕ್ಕಪಕ್ಕ ಕೂತು ಬರುವಂಥವು. 2022ರಲ್ಲಿ ಕೇಶವಮೂರ್ತಿಯವರಿಗೆ ಪದ್ಮಶ್ರೀ ಬಂತು. ಆ ವರ್ಷದ ಕೊನೆಯಲ್ಲೇ ಅವರು ತೀರಿಕೊಂಡರು. ಎಂಬತ್ತೆಂಟರ ಆ ಹಿರಿಯರು ಹೊಸಹಳ್ಳಿಯವರಾಗಿಯೇ ಉಳಿದಿದ್ದರು. ಊರು ಬಿಟ್ಟರೇ ಹೆಸರು ಎಂದು ನಂಬಿದವರು ಒಮ್ಮೆ ತುಂಗೆಯ ದಂಡೆಗೆ ಹೋಗಿ ಈ ಮಾತನ್ನು ನೆನೆಯಬೇಕು.

ಸಾಗರದ ಪಕ್ಕದ ಹೆಗ್ಗೋಡನ್ನೂ ನೆನೆಯಿರಿ. 1949ರಲ್ಲಿ ಹಳ್ಳಿಯ ಗೆಳೆಯರು ಕಟ್ಟಿದ ನೀನಾಸಂ, 1985ರಲ್ಲಿ ತಿರುಗಾಟ ಶುರು ಮಾಡಿತು. ಒಂದು ತಂಡ, ಕೆಲವು ನಾಟಕ, ರಂಗಸಜ್ಜಿಕೆ ಹೊತ್ತ ವಾಹನ, ಊರಿಂದೂರಿಗೆ ಪ್ರಯಾಣ. ಅವರು ತಮ್ಮ ಊರಿನಲ್ಲೇ ತಾಲೀಮು ಮಾಡಿ ನಾಡಿಗೆ ಹೋದರು. ನಾಟಕಕ್ಕೆ ಸಾಧ್ಯವಾದದ್ದು ಸಂಗೀತಕ್ಕೆ ಏಕೆ ಆಗದು? ನಿಮಗೆ ರಂಗಸಜ್ಜಿಕೆಯೂ ಬೇಡ. ನಾಲ್ಕು ವಾದ್ಯ, ಒಂದು ಜಮಖಾನ, ಒಂದು ಓಮ್ನಿ ಸಾಕು.

ಕೂಟ ಕಟ್ಟುವುದು ಹೇಗೆ ಎಂಬುದರ ಬಗ್ಗೆ ನನಗೆ ಹೇಳಲು ಬಹಳ ಇದೆ, ಯಾಕೆಂದರೆ ನಾನು ಒಂದನ್ನು ಕಳೆದುಕೊಂಡವನು. ನಾವೂ ನಾಲ್ವರಿದ್ದೆವು: ವೀಣೆ, ಪಿಟೀಲು, ಮೃದಂಗ, ಘಟ. ಒಂದು ವರ್ಷ ಚೆನ್ನಾಗಿ ನಡೆಯಿತು. ಒಂದು ರಾಮೋತ್ಸವದ ಕಛೇರಿ ಮುಗಿದ ಮೇಲೆ ಸಂಭಾವನೆಯ ಲಕೋಟೆ ಒಬ್ಬರ ಕೈಗೆ ಹೋಯಿತು; ಹಂಚಿಕೆಯ ಮಾತು ಮೊದಲೇ ಆಗಿರಲಿಲ್ಲ. ಯಾರೂ ಜಗಳವಾಡಲಿಲ್ಲ. ಮುಂದಿನ ವಾರ ತಾಲೀಮಿಗೆ ಇಬ್ಬರು ಬರಲಿಲ್ಲ, ಅದರ ಮುಂದಿನ ವಾರ ನಾನೂ ಹೋಗಲಿಲ್ಲ. ಅಷ್ಟಕ್ಕೆ ಮುಗಿಯಿತು. ಇವತ್ತಿಗೂ ಬೇರೆಯವರ ಕಛೇರಿಯಲ್ಲಿ ತನಿ ಮುಗಿದು ಪಲ್ಲವಿಯ ಎಡುಪ್ಪಿಗೆ ನಾಲ್ವರೂ ಒಟ್ಟಿಗೆ ಬಂದಿಳಿದಾಗ ನನ್ನ ಎದೆ ಒಂದು ಕ್ಷಣ ಹಿಡಿದುಕೊಳ್ಳುತ್ತದೆ. ಆದ್ದರಿಂದ ಮೊದಲ ದಿನವೇ ಮಾತಾಡಿಕೊಳ್ಳಿ: ಬಂದದ್ದರಲ್ಲಿ ಪ್ರಯಾಣದ ಖರ್ಚು ಕಳೆದು ಉಳಿದದ್ದು ಸಮಪಾಲು. ಹಾಡುವವಳಿಗೆ ಹೆಚ್ಚು, ಘಟದವನಿಗೆ ಕಡಿಮೆ ಎಂಬ ಲೆಕ್ಕ ಹಳೆಯ ಪದ್ಧತಿಯದು. ಕೂಟದ ಲೆಕ್ಕ ಅದಲ್ಲ. ಹೆಸರು ಕೂಡ ಕೂಟದ್ದೇ ಇರಲಿ, ಒಬ್ಬರದ್ದಲ್ಲ.

ಸಂಗೀತದ ಕಷ್ಟ ಇದಕ್ಕಿಂತ ದೊಡ್ಡದು, ಇದಕ್ಕಿಂತ ಸವಿಯಾದದ್ದು ಕೂಡ. ಪಾಶ್ಚಾತ್ಯ ವೃಂದದಲ್ಲಿ ನಾಲ್ಕು ವಾದ್ಯಕ್ಕೆ ನಾಲ್ಕು ಬೇರೆ ಸ್ವರಪಂಕ್ತಿ ಬರೆದಿರುತ್ತದೆ. ನಮ್ಮಲ್ಲಿ ಎಲ್ಲರದೂ ಒಂದೇ ದಾರಿ, ಒಂದೇ ರಾಗ, ಒಂದೇ ಸಾಹಿತ್ಯ. ವೀಣೆ, ಕೊಳಲು, ಪಿಟೀಲು ಮೂರೂ ಮೊದಲಿಂದ ಕೊನೆಯವರೆಗೆ ಒಟ್ಟಿಗೇ ನುಡಿಸಿದರೆ ಅದು ಸಂತೆ. ವೀಣೆಯ ನಾದ ಮೀಟಿದ ಕೂಡಲೇ ಕರಗತೊಡಗುತ್ತದೆ; ಪಿಟೀಲಿನ ಕಮಾನು ಅದೇ ಸ್ವರವನ್ನು ಬೇಕಾದಷ್ಟು ಹೊತ್ತು ಹಿಡಿಯುತ್ತದೆ; ಕೊಳಲಿಗೆ ಉಸಿರಿನ ಅಳತೆ. ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ವೈಣಿಕಳು ತಂತಿಯನ್ನು ಮೆಟ್ಟಿಲ ಮೇಲೆ ಎಳೆದು ಅದನ್ನು ತರುತ್ತಾಳೆ, ಪಿಟೀಲಿನವನು ಬೆರಳು ಜಾರಿಸಿ ತರುತ್ತಾನೆ, ಕೊಳಲಿನವನು ರಂಧ್ರವನ್ನು ಅರ್ಧ ಮುಚ್ಚಿ ತೆರೆದು ತರುತ್ತಾನೆ. ಮೂರು ಗಾಂಧಾರ ಒಂದಾಗಬೇಕಾದರೆ ಮೂವರೂ ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಕೇಳಬೇಕು. ಯಾರು ಯಾವಾಗ ಸುಮ್ಮನಿರಬೇಕು ಎಂಬುದು ಕೂಟದ ಮೊದಲ ಪಾಠ. ಮೈಸೂರು ವಾಸುದೇವಾಚಾರ್ಯರ ಕಮಾಚ್ ರಾಗದ ‘ಬ್ರೋಚೇವಾರೆವರುರಾ’ ನಿಮಗೆಲ್ಲರಿಗೂ ಬಾಯಿಪಾಠ. ಒಂದು ಸಲ ಅದನ್ನು ಹಂಚಿಕೊಂಡು ನುಡಿಸಿ ನೋಡಿ. ಮೊದಲ ಸಂಗತಿ ಯಾರಿಗೆ, ಚಿಟ್ಟೆಸ್ವರದಲ್ಲಿ ಮೃದಂಗ ಎಲ್ಲಿ ಹಿಂದೆ ಸರಿಯಬೇಕು, ಎಲ್ಲಿ ಘಟವೊಂದೇ ಉಳಿಯಬೇಕು. ಗೊತ್ತಿದ್ದ ಕೃತಿ ಹೊಸದಾಗಿ ಎದ್ದು ಬರುತ್ತದೆ. ಲಾಲ್ಗುಡಿ ಜಯರಾಮನ್ ಅವರು 1966ರಲ್ಲಿ ಎನ್. ರಮಣಿಯವರ ಕೊಳಲು, ಆರ್. ವೆಂಕಟರಾಮನ್ ಅವರ ವೀಣೆಯನ್ನು ತಮ್ಮ ಪಿಟೀಲಿನ ಜೊತೆಗೆ ಕೂಡಿಸಿ ವೇಣು–ವಯೊಲಿನ್–ವೀಣೆಯ ಕಛೇರಿ ಆರಂಭಿಸಿದ್ದು ಇಂಥ ಹಂಚಿಕೆಯ ಮೇಲೆಯೇ.

ಮಲೆನಾಡಿನವರಿಗೆ ಇನ್ನೊಂದು ಪರೀಕ್ಷೆ ಉಂಟು: ಮಳೆಗಾಲ. ಆಷಾಢದ ತೇವಕ್ಕೆ ಮೃದಂಗದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಪಿಟೀಲಿನ ಬಿರಡೆ ಬಿಗಿದುಕೊಳ್ಳುತ್ತದೆ. ಘಟದ ಶ್ರುತಿಯನ್ನು ಮೃದಂಗದಂತೆ ಏರಿಸಿ ಇಳಿಸಲು ಬರುವುದಿಲ್ಲ. ಬೇಕಾದ ಶ್ರುತಿಯ ಮಡಕೆಯನ್ನೇ ಹುಡುಕಿ ತರಬೇಕು. ಶ್ರುತಿ ಕೂಡಿಸಲಿಕ್ಕೇ ಮುಕ್ಕಾಲು ಗಂಟೆ ಹೋದರೆ ಹೋಗಲಿ. ಆ ಮುಕ್ಕಾಲು ಗಂಟೆಯಲ್ಲಿ ನಾಲ್ವರ ಕಿವಿ ಒಂದಾಗಿರುತ್ತದೆ.

ಎಲ್ಲರೂ ಹಾಡುವವರೇ, ಇಲ್ಲವೇ ಎಲ್ಲರೂ ಪಿಟೀಲಿನವರೇ ಆದರೆ ಏನು ಮಾಡುವುದು? ಲಂಡನ್ನಿನ ಅಮಾಡಿಯಸ್ ಕ್ವಾರ್ಟೆಟ್‌ಗೂ ಈ ಪ್ರಶ್ನೆ ಎದುರಾಗಿತ್ತು. ಅದರ ನಾಲ್ವರಲ್ಲಿ ಮೂವರು ಆಸ್ಟ್ರಿಯಾದಿಂದ ಓಡಿಬಂದ ಯಹೂದಿ ಹುಡುಗರು; ಯುದ್ಧಕಾಲದಲ್ಲಿ ಬ್ರಿಟನ್ನಿನ ಬಂಧನ ಶಿಬಿರಗಳಲ್ಲಿ ಪರಿಚಯವಾದವರು. ಮೂವರೂ ಪಿಟೀಲಿನವರು. ಪೀಟರ್ ಶಿಡ್ಲಾಫ್ ತನ್ನ ಪಿಟೀಲನ್ನು ಕೆಳಗಿಟ್ಟು ವಯೋಲಾ ಕೈಗೆತ್ತಿಕೊಂಡ, ಕೂಟ ಉಳಿಯಲಿ ಎಂದು. 1947ರಿಂದ ನಲವತ್ತು ವರ್ಷ ಅದೇ ನಾಲ್ವರು ನುಡಿಸಿದರು. 1987ರಲ್ಲಿ ಶಿಡ್ಲಾಫ್ ತೀರಿಕೊಂಡಾಗ, ಅವನ ಜಾಗಕ್ಕೆ ಇನ್ನೊಬ್ಬನನ್ನು ತರುವ ಮನಸ್ಸಾಗದೆ ಉಳಿದ ಮೂವರು ಕೂಟವನ್ನೇ ನಿಲ್ಲಿಸಿದರು. ನಿಮ್ಮಲ್ಲಿ ಯಾರೋ ಒಬ್ಬರು ಖಂಜಿರ ಹಿಡಿಯಬೇಕಾಗಬಹುದು, ಮೋರ್ಸಿಂಗ್ ಕಲಿಯಬೇಕಾಗಬಹುದು. ಅದನ್ನು ಸೋಲು ಎಂದುಕೊಳ್ಳಬೇಡಿ.

ನಮ್ಮ ನೆಲದಲ್ಲೇ ಕದ್ರಿ ಗೋಪಾಲನಾಥರಿದ್ದರು. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಆ ಹಿತ್ತಾಳೆಯ ವಾದ್ಯದಲ್ಲಿ ಗಮಕ ತರಲು ವರ್ಷಗಟ್ಟಲೆ ಬೆವರು ಸುರಿಸಿದ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರ ಕಛೇರಿಯಾಯಿತು. ಆದರೆ ನಾನು ಅವರನ್ನು ನೆನೆಯುವುದು ಪಕ್ಕದಲ್ಲಿ ಕೂತವರಿಗಾಗಿ. ಎ. ಕನ್ಯಾಕುಮಾರಿಯವರ ಪಿಟೀಲು ಎಷ್ಟೋ ವರ್ಷ ಅವರ ಜೊತೆಯಿತ್ತು. ಸ್ಯಾಕ್ಸೊಫೋನ್ ಒಂದು ಪ್ರಶ್ನೆ ಎಸೆದರೆ ಪಿಟೀಲಿನ ಉತ್ತರ ತುಟಿಯಂಚಿನಲ್ಲಿ ಕಾಯುತ್ತಿದ್ದ ಹಾಗೆ ಬರುತ್ತಿತ್ತು. ಒಂದು ದಿನದ ಪರಿಚಯಕ್ಕೆ ದಕ್ಕುವ ಸಲಿಗೆ ಅಲ್ಲ ಅದು.

ದುಡ್ಡು ಎಲ್ಲಿಂದ, ಎಂದು ನಿಮ್ಮ ಅಪ್ಪ ಅಮ್ಮ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಕಾಲದಲ್ಲಿ ಅದಕ್ಕೆ ಉತ್ತರ ಮೈಸೂರಿನಲ್ಲಿತ್ತು. ಭದ್ರಾವತಿಯಲ್ಲಿ ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲಿನಿಂದ 1923ರಲ್ಲಿ ಕಬ್ಬಿಣ ಹರಿದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ವೀಣೆ ಶೇಷಣ್ಣನವರು ನುಡಿಸಿದ್ದೂ ಅದೇ ದೊರೆಯ ಆಸ್ಥಾನದಲ್ಲಿ. ಕುಲುಮೆಗೂ ವೀಣೆಗೂ ಒಂದೇ ಖಜಾನೆ. ಅವರ ನಂತರದ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು, ರಷ್ಯದ ಸಂಗೀತಗಾರ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಆ ಕಾಲ ಹೋಯಿತು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು, ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವ ಕೈಗಳು ಕಡಿಮೆಯಾದವು. ಭದ್ರಾವತಿಯವರಿಗೆ ಇದನ್ನು ಹೊರಗಿನವರು ಹೇಳಬೇಕಾಗಿಲ್ಲ, ಪ್ರತಿ ಮನೆಯಲ್ಲೂ ಆ ನೋವಿದೆ.

ಆದರೆ ಆ ಕಾರ್ಖಾನೆಗಳು ಕರೆತಂದ ಜನ ಇನ್ನೂ ಇಲ್ಲಿದ್ದಾರೆ. ತಮಿಳರು, ತೆಲುಗರು, ಮಲಯಾಳಿಗಳು, ನಾಡಿನ ಮೂಲೆಮೂಲೆಯ ಕನ್ನಡಿಗರು. ತ್ಯಾಗರಾಜರ ಕೃತಿ, ಪುರಂದರದಾಸರ ಪದ ಕೇಳಿ ಬೆಳೆದ ಹಿರಿಯರು ಭದ್ರಾವತಿಯ ಬೀದಿಬೀದಿಯಲ್ಲಿ ಸಿಗುತ್ತಾರೆ. ನಿವೃತ್ತರಾಗಿ ಮನೆಯಲ್ಲಿ ಕೂತಿರುವ ಆ ಕಿವಿಗಳೇ ನಿಮ್ಮ ಸಂಪತ್ತು. ಅವರ ಮನೆಗೆ ಹೋಗಿ. ನಡುಮನೆಯ ಕುರ್ಚಿ ಸರಿಸಿ, ಚಾಪೆ ಹಾಸಿ, ಇಪ್ಪತ್ತು ಜನಕ್ಕೆ ಒಂದು ಗಂಟೆ ನುಡಿಸಿ. ಮೈಕು ಬೇಡ. ತಟ್ಟೆಯಲ್ಲಿ ಬಿದ್ದದ್ದನ್ನು ಮರ್ಯಾದೆಯಿಂದ ತೆಗೆದುಕೊಳ್ಳಿ, ಉಚಿತವೆಂದು ಮಾತ್ರ ನುಡಿಸಬೇಡಿ. ನೂರು ರೂಪಾಯಿಯಾದರೂ ಸರಿ, ಕೇಳುಗ ಕೊಡುವುದನ್ನು ಕಲಿಯಲಿ. ಅಲ್ಲಿಂದ ದೇವಸ್ಥಾನದ ಉತ್ಸವಕ್ಕೆ, 1930ರಲ್ಲಿ ಹುಟ್ಟಿದ ಶಿವಮೊಗ್ಗದ ಕರ್ನಾಟಕ ಸಂಘದಂಥ ಹಳೆಯ ಸಂಸ್ಥೆಯ ಅಂಗಳಕ್ಕೆ, ದಸರೆಯ ವೇದಿಕೆಗೆ, ಕುವೆಂಪು ರಂಗಮಂದಿರಕ್ಕೆ ಹಾದಿ ತಾನಾಗಿ ಬೆಳೆಯುತ್ತದೆ. ಅವಸರಪಟ್ಟು ಮೊದಲೇ ದೊಡ್ಡ ಸಭಾಂಗಣ ಹಿಡಿಯಬೇಡಿ. ಖಾಲಿ ಕುರ್ಚಿಗಳು ಎಳೆಯ ಕೂಟವನ್ನು ಕೊಲ್ಲುತ್ತವೆ.

ಆಕಾಶವಾಣಿಯ ಆಡಿಷನ್ ಮರೆಯಬೇಡಿ. ಬಿ, ಬಿ–ಹೈ, ಎ, ಟಾಪ್ ಎಂದು ಶ್ರೇಣಿಗಳಿವೆ. ಮೊದಲ ಸಲ ಆಗದಿದ್ದರೆ ಮತ್ತೆ ಅರ್ಜಿ ಹಾಕಿ. ಗ್ರೇಡ್ ಸಿಕ್ಕಿದರೆ ವರ್ಷದಲ್ಲಿ ಕೆಲವು ಪ್ರಸಾರ, ಸಣ್ಣ ಸಂಭಾವನೆ, ಸಂಘಟಕರ ಮುಂದೆ ಇಟ್ಟುಕೊಳ್ಳಲು ಒಂದು ಗುರುತು. ಎಲ್ಲಕ್ಕಿಂತ ಹೆಚ್ಚಾಗಿ, ನುಡಿಸಿದ್ದನ್ನು ಧ್ವನಿಮುದ್ರಣದಲ್ಲಿ ಕೇಳುವಾಗ ಹುಟ್ಟುವ ಎಚ್ಚರ.

ಮೊದಲ ಮೂರು ವರ್ಷ ಇದರಿಂದ ಮನೆ ನಡೆಯುವುದಿಲ್ಲ. ಪಾಠ ಹೇಳಿ, ಕೆಲಸಕ್ಕೆ ಹೋಗಿ, ಓದು ಮುಗಿಸಿ. ಶಿವಮೊಗ್ಗ ಸುಬ್ಬಣ್ಣನವರು ವಕೀಲರಾಗಿದ್ದುಕೊಂಡೇ ಹಾಡಿದವರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಮೊದಲ ಕನ್ನಡಿಗರು ಅವರೇ. ಹೊಟ್ಟೆಪಾಡಿನ ಕೆಲಸ ಮಾಡುವವನು ಅರ್ಧ ಸಂಗೀತಗಾರ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಾರದಲ್ಲಿ ಒಂದು ಸಂಜೆಯನ್ನು ಮಾತ್ರ ಯಾವುದಕ್ಕೂ ಬಿಟ್ಟುಕೊಡಬೇಡಿ. ಮದುವೆಗೂ ಇಲ್ಲ, ಮ್ಯಾಚಿಗೂ ಇಲ್ಲ, ಮಳೆಗೂ ಇಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ಆಗುವ ದಿನಗಳು ಬರುತ್ತವೆ: ಒಬ್ಬರಿಗೆ ವರ್ಣ ಬೇಕು, ಇನ್ನೊಬ್ಬರಿಗೆ ಸಿನಿಮಾ ಹಾಡಿನ ಮಿಶ್ರಣ ಬೇಕು. ವಾದ ಮಾಡಿ, ಬಿಸಿಯಾಗಿಯೇ ಮಾಡಿ. ಆದರೆ ವಾದ್ಯಗಳನ್ನು ಚೀಲದಿಂದ ತೆಗೆದ ಮೇಲೆ ಮಾಡಿ, ನುಡಿಸದೆ ಎದ್ದುಹೋಗಬೇಡಿ.

ಕೌಫ್‌ಮನ್‌ಗೆ ಊರಿರಲಿಲ್ಲ. ಅಮಾಡಿಯಸ್ಸಿನ ಆ ಮೂವರಿಗೂ ಇರಲಿಲ್ಲ. ಕಳೆದುಕೊಂಡ ನೆಲಕ್ಕೆ ಬದಲಾಗಿ ನಾಲ್ಕು ಜನ ಕೂರುವಷ್ಟು ಜಾಗವನ್ನು ಅವರು ಕಟ್ಟಿಕೊಂಡರು. ನಿಮಗೆ ಊರಿದೆ, ಗುರುಗಳಿದ್ದಾರೆ, ಬೇಡ ಬೇಡವೆಂದರೂ ಕಾಫಿ ತಂದಿಡುವ ಅಮ್ಮನಿದ್ದಾಳೆ, ತುಂಗೆ ಭದ್ರೆ ಎರಡೂ ಪಕ್ಕದಲ್ಲೇ ಹರಿಯುತ್ತವೆ. ಪಿಟೀಲಿನವಳು ವಿನೋಬನಗರದಲ್ಲಿರಲಿ, ಮೃದಂಗದವನು ಜನ್ನಾಪುರದಲ್ಲಿರಲಿ, ಶಿವಮೊಗ್ಗ–ಭದ್ರಾವತಿ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಗಿಲ್ಲ. ಈ ಲೇಖನ ಮಡಿಸಿಟ್ಟು ಇವತ್ತೇ ಮೂವರಿಗೆ ಫೋನು ಮಾಡಿ. ಬರುವ ಗುರುವಾರ ಸಂಜೆ ಆರಕ್ಕೆ ಯಾರದ್ದಾದರೂ ಒಂದು ಮನೆಯಲ್ಲಿ ಸೇರಿ, ಶ್ರುತಿ ಕೂಡಿಸಿಕೊಂಡು ಒಂದು ವರ್ಣ ನುಡಿಸಿ. ಏಳುವ ಮುಂಚೆ ಅದರ ಮುಂದಿನ ಗುರುವಾರ ಯಾರ ಮನೆಯಲ್ಲಿ ಎಂದು ಗೊತ್ತು ಮಾಡಿಕೊಳ್ಳಿ.